ಬೆಡಗಿನ ಕೀಲಿಕೈಗೆ ತೆರೆಯದ ಅಗಸಿ

ವಿಜಯಪುರ, ಬಾಗಲಕೋಟೆ ಕಡೆಯ ಓದುಗರಿಗೆ ರೂಪಕದ ಕಾವ್ಯವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಭಜನಿ ಕೂತಾಗ, ಒಂದು ತತ್ವಪದ ಮುಗಿಯುತ್ತಲೇ ‘ಇದರ ಒಳಗಿನ ಮಾತು ಏನ್ರಿ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಬಿಡಿಸಿ ಹೇಳುವವರೂ ಇರುತ್ತಾರೆ. ಶಿಶುನಾಳ ಶರೀಫರ ಪದದಲ್ಲಿ ಕೋಳಿ ಕೋಡಗನನ್ನು ನುಂಗಿತು ಅಂದರೆ ಯಾರೂ ಕೋಳಿಗೂಡಿನ ಕಡೆ ತಿರುಗಿ ನೋಡುವುದಿಲ್ಲ. ಅಲ್ಲಮನ ಬೆಡಗಿನ ವಚನಗಳಲ್ಲೂ ಅಷ್ಟೇ. ಮೇಲಿನ ಮಾತು ಲೋಕದಲ್ಲಿ ನಡೆಯಲಾರದ ಮಾತು. ನಡೆಯಲಾರದು ಎಂಬುದೇ ‘ಒಳಗೆ ಇಳಿ’ ಎಂಬ ಸನ್ನೆ. ಒಳಗಿನ ಅರ್ಥ ಸಿಕ್ಕಮೇಲೆ ಕೋಳಿಯನ್ನೂ ಕೋಡಗನನ್ನೂ ಅಲ್ಲೇ ಬಿಟ್ಟು ಮುಂದೆ ಹೋಗಬಹುದು.

ಈ ರೂಢಿಯನ್ನೇ ಹಿಡಿದು ಇಟಲಿಯ ಡಾಂಟೆಯ ‘ಡಿವೈನ್ ಕಾಮೆಡಿ’ಗೆ, ಅಂದರೆ ಕವಿಯೇ ನರಕ, ಶುದ್ಧಿಯ ಬೆಟ್ಟ, ಸ್ವರ್ಗ ಮೂರನ್ನೂ ಸುತ್ತಿಬರುವ ಕಾವ್ಯಕ್ಕೆ, ಕೈಹಾಕಿದರೆ ಎಡವುತ್ತೇವೆ. ದಾರಿ ತೋರುವ ರೋಮಿನ ಹಳೆಯ ಕವಿ ವರ್ಜಿಲ್ ಅಂದರೆ ವಿವೇಕ, ಡಾಂಟೆ ಪ್ರೀತಿಸಿದ್ದ, ತೀರಿಹೋದ ಬಿಯಾಟ್ರಿಸ್ ಅಂದರೆ ದೈವಕೃಪೆ, ಕತ್ತಲ ಕಾಡು ಅಂದರೆ ಪಾಪ, ಬೆಟ್ಟ ಅಂದರೆ ಸಾಧನೆ ಅಂತ ಅರ್ಧ ಹಾಳೆಯ ಪಟ್ಟಿಯೊಂದು ತಯಾರಾಗುತ್ತದೆ. ಪಟ್ಟಿ ಪೂರ್ತಿ ಸುಳ್ಳೂ ಅಲ್ಲ. ಆದರೆ ಅದು ಕೈಗೆ ಬಂದಮೇಲೆ 14,233 ಸಾಲು ಓದುವ ಕಾರಣವೇ ಉಳಿಯುವುದಿಲ್ಲ. ನರಕದ ಭಾಗದಲ್ಲಿ ಹತ್ತು ಸಂಧಿ ಓದಿ ಪುಸ್ತಕ ಮುಚ್ಚಿಟ್ಟವರನ್ನು ಕೇಳಿ ನೋಡಿ, ಅವರ ಕೈಯಲ್ಲಿ ಇಂಥ ಪಟ್ಟಿ ಇದ್ದೇ ಇರುತ್ತದೆ.

ಡಾಂಟೆಗೆ ಹತ್ತಿರದ ಬಂಧು ನಮ್ಮಲ್ಲಿ ಇದ್ದಾನೆ, ಬೇರೆ ಮನೆಯಲ್ಲಿ. 17ನೆಯ ಶತಮಾನದಲ್ಲಿ ಬಿಜಾಪುರದ ಸೂಫಿಗಳು ದಖನಿಯಲ್ಲಿ ‘ಚಕ್ಕಿನಾಮ’ ಎಂಬ ಬೀಸುವ ಪದಗಳನ್ನು ಕಟ್ಟಿದರು. ಬೀಸುಕಲ್ಲಿನ ಹಿಡಿಕೆ ಅಲಿಫ್ ಅಕ್ಷರದ ಹಾಗೆ ನೆಟ್ಟಗಿದೆ, ಅದು ಅಲ್ಲಾಹ. ನಡುವೆ ಅಲ್ಲಾಡದೆ ನಿಂತ ಕೀಲು ಮುಹಮ್ಮದ್. ಹೀಗೆ ಕಲ್ಲಿನ ಒಂದೊಂದು ಭಾಗಕ್ಕೂ ಒಂದೊಂದು ಅರ್ಥ. ಇಲ್ಲಿ ಗಮನಿಸಬೇಕಾದ್ದು ಒಂದೇ: ಪದ ಹಾಡುತ್ತಿರುವ ಹೆಣ್ಣುಮಗಳ ಕೈಯಲ್ಲಿ ಕಲ್ಲು ನಿಜವಾಗಿ ತಿರುಗುತ್ತಿದೆ, ಹಿಟ್ಟು ನಿಜವಾಗಿ ಬೀಳುತ್ತಿದೆ. ಅರ್ಥ ಸಿಕ್ಕಿತೆಂದು ಕಲ್ಲನ್ನು ಬಿಟ್ಟರೆ ಮನೆಯಲ್ಲಿ ರೊಟ್ಟಿಯೇ ಇಲ್ಲ. ಡಾಂಟೆಯ ರೂಪಕ ಈ ಜಾತಿಯದು. ಮೇಲಿನ ಮಾತು ಮೊದಲು ನಿಜವಾಗಿ ನಡೆಯಬೇಕು. ನಡೆದದ್ದರ ಮೇಲೆ ಅರ್ಥ ಕೂರುತ್ತದೆ, ನಡೆದದ್ದನ್ನು ತಳ್ಳಿಹಾಕುವುದಿಲ್ಲ.

ಡಾಂಟೆಯ ಕಾಲದ ಪಂಡಿತರು ಇದಕ್ಕೆ ನಾಲ್ಕು ಪದರ ಹೇಳುತ್ತಿದ್ದರು. ಲ್ಯಾಟಿನ್ನಿನ ಎರಡು ಸಾಲಿನ ಒಂದು ಪದ್ಯವನ್ನು ಮಕ್ಕಳ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು. ಅದರ ತಿರುಳು ಇಷ್ಟು: ಅಕ್ಷರ ನಡೆದದ್ದನ್ನು ಕಲಿಸುತ್ತದೆ, ರೂಪಕ ನಂಬಬೇಕಾದ್ದನ್ನು, ನೀತಿ ಮಾಡಬೇಕಾದ್ದನ್ನು, ನಾಲ್ಕನೆಯದು ಸೇರಬೇಕಾದ ಜಾಗವನ್ನು. ಉದಾಹರಣೆಗೆ ಬಹಳ ಸಲ ಬರುವುದು ಬೈಬಲಿನ ಒಂದೇ ಕೀರ್ತನೆ, ಇಸ್ರಾಯೇಲರು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಬಿದ್ದ ಕಥೆಯದು. ಮೊದಲ ಪದರದಲ್ಲಿ ಮೋಶೆಯ ಕಾಲದಲ್ಲಿ ಒಂದು ಜನಾಂಗ ದಾಸ್ಯ ಬಿಟ್ಟು ಹೊರಟಿತು. ಎರಡನೆಯದರಲ್ಲಿ ಕ್ರಿಸ್ತನಿಂದಾದ ಬಿಡುಗಡೆ. ಮೂರನೆಯದರಲ್ಲಿ ಒಬ್ಬ ಮನುಷ್ಯನ ಜೀವ ಪಾಪದ ದುಃಖ ಬಿಟ್ಟು ಕೃಪೆಯ ಕಡೆ ತಿರುಗುವುದು. ನಾಲ್ಕನೆಯದರಲ್ಲಿ ದೇಹದ ಬಂಧನ ಕಳಚಿ ನಿತ್ಯದ ಮಹಿಮೆಗೆ ಹೋಗುವುದು. ಈ ನಾಲ್ಕನ್ನೂ ಬಿಡಿಸಿ ಹೇಳುವ ಪತ್ರವೊಂದು ವೆರೋನಾದ ಕಾಂಗ್ರಾಂದೆ ಎಂಬ ಪ್ರಭುವಿಗೆ ಡಾಂಟೆಯೇ ಬರೆದದ್ದೆಂದು ಉಳಿದುಬಂದಿದೆ. ಅದು ಅವನದೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ವಾದ ಏನೇ ಇರಲಿ, ‘ಪುರ್ಗತೋರಿಯೊ’ದ, ಅಂದರೆ ಸತ್ತವರು ಪಾಪ ತೊಳೆದುಕೊಳ್ಳುವ ಶುದ್ಧಿಯ ಬೆಟ್ಟದ ಕಾಂಡದ, ಎರಡನೆಯ ಸಂಧಿಯಲ್ಲಿ ನೂರಕ್ಕೂ ಹೆಚ್ಚು ಜೀವಗಳು ದೋಣಿಯಲ್ಲಿ ಬಂದಿಳಿಯುವಾಗ ಒಂದೇ ದನಿಯಲ್ಲಿ ಹಾಡುವುದು ಇದೇ ಕೀರ್ತನೆಯನ್ನು. ಅದೂ ಮೊದಲಿಂದ ಕೊನೆಯವರೆಗೆ ಪೂರ್ತಿ ಹಾಡಿದರು ಎಂದು ಕವಿ ಒತ್ತಿ ಹೇಳುತ್ತಾನೆ.

ಇಲ್ಲಿ ಒಂದು ಕೈಕೆಲಸದ ಎಚ್ಚರಿಕೆ. ಡಾಂಟೆಯ ಟಿಪ್ಪಣಿಗಳಲ್ಲಿ ಈ ಹಾಡಿಗೆ 113ನೆಯ ಕೀರ್ತನೆ ಅಂತ ಬರೆದಿರಬಹುದು. ಕನ್ನಡ ಬೈಬಲಿನಲ್ಲಿ 113 ತೆಗೆದರೆ ಬೇರೆಯೇ ಹಾಡು ಸಿಗುತ್ತದೆ. ಲ್ಯಾಟಿನ್ ಬೈಬಲಿನ ಎಣಿಕೆ 10ರಿಂದ ಮುಂದೆ ಬಹುಪಾಲು ಒಂದು ಅಂಕಿ ಹಿಂದೆ ನಡೆಯುತ್ತದೆ. ಹಾಗಾಗಿ ನಮ್ಮ ಪುಸ್ತಕದಲ್ಲಿ ನೋಡಬೇಕಾದ್ದು 114. ಲ್ಯಾಟಿನ್ನಿನ 50 ಅಂದರೆ ನಮ್ಮ 51, ಅಲ್ಲಿನ 118 ಅಂದರೆ ನಮ್ಮ 119. ಓದುತ್ತಿರುವ ಆವೃತ್ತಿ ಯಾವ ಎಣಿಕೆ ಹಿಡಿದಿದೆ ಎಂದು ಮೊದಲ ದಿನವೇ ನೋಡಿಕೊಳ್ಳಿ. ಇಲ್ಲದಿದ್ದರೆ ಅರ್ಧ ಬೆಟ್ಟ ತಪ್ಪು ಹಾಡಿನ ಜೊತೆ ಹತ್ತಬೇಕಾಗುತ್ತದೆ.

ಕಾವ್ಯದ ಮೈಕಟ್ಟು ಬೇಗ ಹೇಳಿಬಿಡುತ್ತೇನೆ. ಡಾಂಟೆ ಹುಟ್ಟಿದ್ದು 1265ರಲ್ಲಿ ಫ್ಲಾರೆನ್ಸಿನಲ್ಲಿ. 1302ರಲ್ಲಿ ಊರಿನಿಂದ ಬಹಿಷ್ಕಾರ, ಸಿಕ್ಕರೆ ಸುಡಬೇಕೆಂಬ ತೀರ್ಪು. ತೀರಿಕೊಂಡಿದ್ದು 1321ರಲ್ಲಿ ರವೆನ್ನಾದಲ್ಲಿ. ಕಾವ್ಯದ ಮೂರು ಕಾಂಡಗಳಲ್ಲಿ 34, 33, 33 ಸಂಧಿಗಳು, ಒಟ್ಟು 100. ಕಥೆ ನಡೆಯುವುದು 1300ರ ಈಸ್ಟರ್ ವಾರದಲ್ಲಿ. ಆ ವರ್ಷವೂ ಸುಮ್ಮನೆ ಆರಿಸಿದ್ದಲ್ಲ. ಆ ಫೆಬ್ರವರಿ 22ರಂದು ಎಂಟನೆಯ ಬೊನಿಫೇಸ್ ಪೋಪ್ ಜೂಬಿಲಿ ವರ್ಷದ ಆಜ್ಞೆ ಹೊರಡಿಸಿದ್ದ. ಪಾಪ ಒಪ್ಪಿಕೊಂಡು ಸಂತ ಪೇತ್ರ, ಸಂತ ಪೌಲರ ದೇವಾಲಯಗಳನ್ನು ರೋಮಿನವರು 30 ದಿನ, ಹೊರಗಿನವರು 15 ದಿನ ದರ್ಶನ ಮಾಡಿದರೆ ಶಿಕ್ಷೆಯೆಲ್ಲ ಮಾಫಿ. ಜನ ಎಷ್ಟು ಸೇರಿದರೆಂದರೆ ಸೇತುವೆಯ ಮೇಲೆ ಹೋಗುವವರಿಗೊಂದು ಬದಿ, ಬರುವವರಿಗೊಂದು ಬದಿ ಮಾಡಬೇಕಾಯಿತು. ಆ ದೃಶ್ಯವನ್ನು ಡಾಂಟೆ ನರಕದ 18ನೆಯ ಸಂಧಿಯಲ್ಲಿ ಉಪಮೆಯಾಗಿ ಇಟ್ಟಿದ್ದಾನೆ. ಶುದ್ಧಿಯ ಬೆಟ್ಟದ ಎರಡನೆಯ ಸಂಧಿಯಲ್ಲಿ ಕಸೆಲ್ಲಾ ಎಂಬ ಹಾಡುಗಾರ ಹೇಳುವ ಮಾತಿಗೂ ಇದೇ ಹಿನ್ನೆಲೆ: ‘ಈ ಮೂರು ತಿಂಗಳಿಂದ ದೋಣಿಯವನು ಬಂದವರನ್ನೆಲ್ಲ ಹತ್ತಿಸಿಕೊಳ್ಳುತ್ತಿದ್ದಾನೆ.’ ಜೂಬಿಲಿ ಗೊತ್ತಿಲ್ಲದವರಿಗೆ ಈ ಮೂರು ತಿಂಗಳು ಒಗಟು. ಗೊತ್ತಿದ್ದವರಿಗೆ ಅದು ಆ ವರ್ಷ ಜಾತ್ರೆಗೆ ಹೋಗಿ ಬಂದ ಪ್ರತಿ ಮನೆಯ ಸುದ್ದಿ.

ನನ್ನ ಸಲಹೆ, ಬೆಟ್ಟವನ್ನು ಅದರ ಅಗಸಿಯಿಂದ, ಅಂದರೆ ಒಂಬತ್ತನೆಯ ಸಂಧಿಯಿಂದ ಶುರುಮಾಡಬೇಕು. ಇಡೀ ಕಾವ್ಯದ ಬೀಗ ಅಲ್ಲಿದೆ.

ಅಗಸಿಯ ಮುಂದೆ ಮೂರು ಪಾವಟಿಗೆ. ಮೊದಲನೆಯದು ಬಿಳಿ ಅಮೃತಶಿಲೆ, ಎಷ್ಟು ನುಣುಪೆಂದರೆ ಡಾಂಟೆ ತಾನು ಹೇಗಿದ್ದಾನೋ ಹಾಗೇ ಅದರಲ್ಲಿ ಕಾಣುತ್ತಾನೆ. ಎರಡನೆಯದು ಕಪ್ಪು, ಒರಟು, ಸುಟ್ಟ ಹಾಗಿರುವ ಕಲ್ಲು, ಉದ್ದಕ್ಕೂ ಅಡ್ಡಕ್ಕೂ ಬಿರಿದಿದೆ. ಚೈತ್ರದ ಬಿಸಿಲಿಗೆ ಎರಿ ಹೊಲ ಬಿರಿಯುತ್ತದಲ್ಲ, ಹಾಗೆ. ಮೂರನೆಯದು ಕೆಂಪು ಪೋರ್ಫಿರಿ ಕಲ್ಲು, ಬಾದಾಮಿಯ ಕೆಂಪಿಗಿಂತ ಕೆಂಪು, ನರದಿಂದ ಚಿಮ್ಮಿದ ರಕ್ತದ ಬಣ್ಣ. ಮೇಲೆ ವಜ್ರದ ಹೊಸ್ತಿಲು. ಅದರ ಮೇಲೆ ಬೂದಿಬಣ್ಣದ ನಿಲುವಂಗಿಯ ದೇವದೂತ, ಕೈಯಲ್ಲಿ ಹಿರಿದ ಖಡ್ಗ, ನಿಲುವಂಗಿಯ ಒಳಗಿನಿಂದ ತೆಗೆಯುವ ಎರಡು ಕೀಲಿಕೈ, ಒಂದು ಬಂಗಾರದ್ದು, ಒಂದು ಬೆಳ್ಳಿಯದು. ಡಾಂಟೆ ಅವನ ಕಾಲಿಗೆ ಬೀಳುತ್ತಾನೆ. ಬೀಳುವ ಮೊದಲು ಮೂರು ಸಲ ಎದೆ ಬಡಿದುಕೊಳ್ಳುತ್ತಾನೆ. ದೂತ ಖಡ್ಗದ ತುದಿಯಿಂದ ಅವನ ಹಣೆಯ ಮೇಲೆ ಏಳು ‘ಪಿ’ ಅಕ್ಷರ ಗೀಚುತ್ತಾನೆ. ‘ಪಿ’ ಅಂದರೆ ‘ಪೆಕ್ಕಾತುಂ’, ಪಾಪ. ‘ಒಳಗೆ ಹೋದಮೇಲೆ ಈ ಗಾಯಗಳನ್ನು ತೊಳೆದುಕೋ’ ಅನ್ನುತ್ತಾನೆ.

ಒಗಟು ಬಿಡಿಸುವವರು ಇಲ್ಲಿ ಬಣ್ಣಗಳಿಗೆ ಅರ್ಥ ಹುಡುಕುತ್ತ ಕೂರುತ್ತಾರೆ. 1300ರ ಫ್ಲಾರೆನ್ಸಿನ ನೇಕಾರನಿಗೂ ಕಮ್ಮಾರನಿಗೂ ಹುಡುಕುವ ಕೆಲಸವೇ ಇರಲಿಲ್ಲ. ರೋಮಿನ ಲ್ಯಾಟರನ್ ಅರಮನೆಯಲ್ಲಿ 1215ರಲ್ಲಿ ಸೇರಿದ ದೊಡ್ಡ ಸಭೆ, ಪ್ರಾಯಕ್ಕೆ ಬಂದ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೆ ಒಮ್ಮೆಯಾದರೂ ತನ್ನ ಗುರುವಿನ ಮುಂದೆ ಪಾಪನಿವೇದನೆ ಮಾಡಲೇಬೇಕು ಎಂದು ಕಟ್ಟಳೆ ಮಾಡಿತ್ತು. ಆಮೇಲಿನ ಬೋಧಕರು ಊರೂರು ತಿರುಗಿ ಕಲಿಸಿದ್ದು ನಿವೇದನೆಯ ಮೂರು ಅಂಗಗಳನ್ನು: ಎದೆಯ ಪಶ್ಚಾತ್ತಾಪ, ಬಾಯಿಯ ಒಪ್ಪಿಗೆ, ಕೈಯಿಂದ ತೀರಿಸುವ ಪ್ರಾಯಶ್ಚಿತ್ತ. ಮೂರು ಪಾವಟಿಗೆ ಇವೇ. ಮೊದಲೆರಡರಲ್ಲಿ ಯಾವುದು ಯಾವುದು ಎಂದು ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಬಿರಿದ ಕಪ್ಪು ಕಲ್ಲೇ ಪಶ್ಚಾತ್ತಾಪ ಅನ್ನುವವರ ಕಡೆ ನನ್ನ ಒಲವು. ಲ್ಯಾಟಿನ್ನಿನ ‘ಕಾಂತ್ರಿತಿಯೊ’ ಎಂಬ ಮಾತಿನ ಬೇರಿನಲ್ಲೇ ಅರೆದು ಪುಡಿಮಾಡುವುದು ಎಂಬ ಅರ್ಥವಿದೆ. ಬೀಸುಕಲ್ಲು ಇಲ್ಲೂ ಬಂತು.

ಕೀಲಿಕೈಗಳ ವಿಷಯದಲ್ಲಿ ದೂತ ಹೇಳುವ ಮಾತು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಬಂಗಾರದ್ದು ಹೆಚ್ಚು ಬೆಲೆಯದು, ಆದರೆ ಗಂಟು ಬಿಚ್ಚುವುದು ಬೆಳ್ಳಿಯದು, ಅದಕ್ಕೆ ಹೆಚ್ಚು ಚಾತುರ್ಯ ಬೇಕು. ಒಂದು ಸರಿಯಾಗಿ ತಿರುಗದಿದ್ದರೂ ಅಗಸಿ ತೆರೆಯದು. ಬಂಗಾರ ಗುರುವಿಗೆ ಸಿಕ್ಕ ಅಧಿಕಾರ, ಬೆಳ್ಳಿ ಎದುರಿಗೆ ಕೂತವನ ಮನಸ್ಸನ್ನು ಅಳೆಯುವ ತಿಳಿವಳಿಕೆ. ಅಧಿಕಾರ ಇದ್ದು ತಿಳಿವಳಿಕೆ ಇಲ್ಲದ ಗುರುವಿನ ಮುಂದೆ ಮೊಣಕಾಲೂರಿದ ಯಾರಿಗೂ ಈ ಸಾಲು ವಿವರಿಸಬೇಕಾಗಿರಲಿಲ್ಲ. ಆಮೇಲೆ ಬರುವ ಮಾತು ಇನ್ನೂ ದೊಡ್ಡದು. ತೆರೆಯುವುದರಲ್ಲಿ ತಪ್ಪಾದರೆ ಆಗಲಿ, ಮುಚ್ಚಿಡುವುದರಲ್ಲಿ ತಪ್ಪಬೇಡ, ಕಾಲಿಗೆ ಬಿದ್ದವರಿಗೆ ಮಾತ್ರ ತೆರೆ ಎಂದು ಕೀಲಿಕೈ ಕೊಡುವಾಗ ಸಂತ ಪೇತ್ರನೇ ದೂತನಿಗೆ ಹೇಳಿದ್ದನಂತೆ.

ಒಳಗೆ ಏಳು ಮಜಲು: ಅಹಂಕಾರ, ಹೊಟ್ಟೆಕಿಚ್ಚು, ಸಿಟ್ಟು, ಮನಸ್ಸಿನ ಜಡತೆ, ದುರಾಸೆ, ಹೊಟ್ಟೆಬಾಕತನ, ಕಾಮ. ಪ್ರತಿ ಮಜಲಿಗೂ ಒಂದೇ ಕಟ್ಟು. ಮೊದಲು ಎದುರಿನ ಗುಣದ ಉದಾಹರಣೆಗಳು, ಡಾಂಟೆ ಇದಕ್ಕೆ ಚಾವಟಿ ಅನ್ನುತ್ತಾನೆ. ಆಮೇಲೆ ಶುದ್ಧಿಯಾಗುತ್ತಿರುವವರು, ಅವರ ಪ್ರಾರ್ಥನೆ, ಅವರ ಜೊತೆ ಮಾತು. ಆಮೇಲೆ ಆ ಪಾಪದ ಉದಾಹರಣೆಗಳು, ಇದು ಕಡಿವಾಣ. ಕೊನೆಗೆ ದೂತ ಬಂದು ಒಂದು ‘ಪಿ’ ಅಳಿಸುತ್ತಾನೆ, ಬೈಬಲಿನ ಮತ್ತಾಯನ ಐದನೆಯ ಅಧ್ಯಾಯದ ಅಷ್ಟಭಾಗ್ಯಗಳಲ್ಲಿ, ಅಂದರೆ ‘ಇಂಥವರು ಧನ್ಯರು’ ಎಂಬ ಕ್ರಿಸ್ತನ ಮಾತುಗಳಲ್ಲಿ, ಒಂದು ಸಾಲು ಕೇಳಿಸುತ್ತದೆ, ಮುಂದಿನ ಮೆಟ್ಟಿಲು. ಈ ಕಟ್ಟನ್ನು ಒಮ್ಮೆ ಬರೆದಿಟ್ಟುಕೊಂಡರೆ ಎಲ್ಲೆಲ್ಲಿ ಅದು ಮುರಿಯುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ, ಅರ್ಥ ಇರುವುದೂ ಅಲ್ಲೇ. ಜಡತೆಯ ಮಜಲಿನವರು ಓಡುತ್ತಲೇ ಇರುತ್ತಾರೆ, ಅವರಿಗೆ ಪ್ರಾರ್ಥನೆಯೇ ಇಲ್ಲ, ನಿಲ್ಲಲು ಪುರಸೊತ್ತಿಲ್ಲ. ಉದಾಹರಣೆ ತಲುಪುವ ದಾರಿಯೂ ಬದಲಾಗುತ್ತದೆ. ಅಹಂಕಾರಿಗಳಿಗೆ ಕಲ್ಲಿನ ಕೆತ್ತನೆ. ಹೊಟ್ಟೆಕಿಚ್ಚಿನವರ ರೆಪ್ಪೆಗಳನ್ನು ಕಬ್ಬಿಣದ ತಂತಿಯಿಂದ ಹೊಲಿದಿರುವುದರಿಂದ ಅವರಿಗೆ ಗಾಳಿಯಲ್ಲಿ ಹಾರುವ ದನಿಗಳು. ಸಿಟ್ಟಿನವರ ಸುತ್ತ ಕಣ್ಣು ಕಿತ್ತರೂ ಕಾಣದ ಹೊಗೆ, ಅದಕ್ಕೇ ಅಲ್ಲಿ ಮನಸ್ಸಿನೊಳಗೆ ಏಳುವ ದರ್ಶನಗಳು.

ಪ್ರತಿ ಮಜಲಿನ ಚಾವಟಿಯಲ್ಲಿ ಮೊದಲ ಉದಾಹರಣೆ ಮಾತೆ ಮರಿಯಳದೇ. ಯೋಹಾನನ ಎರಡನೆಯ ಅಧ್ಯಾಯದ ಕಾನಾ ಊರಿನ ಮದುವೆ ನೆನಪಿಸಿಕೊಳ್ಳಿ. ದ್ರಾಕ್ಷಾರಸ ತೀರಿದಾಗ ಮರಿಯ ಮಗನಿಗೆ ಹೇಳುತ್ತಾಳೆ, ‘ಅವರಲ್ಲಿ ದ್ರಾಕ್ಷಾರಸ ಇಲ್ಲ’. ಹೊಟ್ಟೆಕಿಚ್ಚಿನ ಮಜಲಿನಲ್ಲಿ, 13ನೆಯ ಸಂಧಿಯಲ್ಲಿ, ಈ ಮಾತು ಹಾರಿ ಬರುತ್ತದೆ: ಬೇರೆಯವರ ಮನೆಯ ಕೊರತೆಯನ್ನು ತನ್ನದೆಂದು ಕಂಡವಳು. ಹೊಟ್ಟೆಬಾಕರ ಮಜಲಿನಲ್ಲಿ, 22ನೆಯ ಸಂಧಿಯಲ್ಲಿ, ಅದೇ ಮದುವೆ ಮತ್ತೆ ಬರುತ್ತದೆ: ಮರಿಯ ತನ್ನ ಬಾಯಿಯ ಬಗ್ಗೆ ಯೋಚಿಸಲಿಲ್ಲ, ಮದುವೆ ಮರ್ಯಾದೆಯಿಂದ ಪೂರೈಸಲಿ ಅಂದುಕೊಂಡಳು. ಒಂದೇ ಘಟನೆ, ಎರಡು ಪಾಠ. ‘ಕಾನಾ ಅಂದರೆ ಇದು’ ಅಂತ ಪಟ್ಟಿಯಲ್ಲಿ ಬರೆದಿಟ್ಟವರು ಎರಡನೆಯ ಸಲ ಅದನ್ನು ಹೊಡೆದುಹಾಕಬೇಕಾಗುತ್ತದೆ. ಬೋಧಕರು ಒಂದೇ ಕಥೆಯನ್ನು ಹಬ್ಬಕ್ಕೊಂದು ಬಗೆಯಲ್ಲಿ ತಿರುಗಿಸಿ ಹೇಳುತ್ತಿದ್ದ ರೀತಿಯೇ ಇದು. ನಮ್ಮ ಪುರಾಣದ ಶಾಸ್ತ್ರಿಗಳು ಶ್ರಾವಣದಲ್ಲಿ ಮಾಡುವುದೂ ಇದನ್ನೇ.

ಅಹಂಕಾರದ ಮಜಲಿಗೆ ಮೂರು ಸಂಧಿ, 10ರಿಂದ 12. ಇದನ್ನು ಅವಸರ ಮಾಡಬೇಡಿ. ಬಂಡೆಗೆ ಬೆನ್ನು ಬಗ್ಗಿದವರನ್ನು ಮೊದಲ ನೋಟದಲ್ಲಿ ಮನುಷ್ಯರೆಂದು ಗುರುತಿಸುವುದೇ ಕಷ್ಟ. ಡಾಂಟೆ ಕೊಡುವ ಹೋಲಿಕೆ ಕಟ್ಟಡದ್ದು: ಛಾವಣಿ ಹೊರಲು ಕೆತ್ತಿದ, ಮೊಣಕಾಲು ಎದೆಗೆ ತಾಗಿದ ಬೊಂಬೆ, ಕಲ್ಲೆಂದು ಗೊತ್ತಿದ್ದರೂ ನೋಡಿದವನಿಗೆ ನಿಜವಾದ ಸಂಕಟ ಹುಟ್ಟಿಸುತ್ತದೆ. ಬಾದಾಮಿಯ ಗುಹೆಗಳ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ನಿಂತ ಕುಳ್ಳ ಗಣಗಳನ್ನು ನೋಡಿದವರಿಗೆ ಈ ಭಂಗಿಯ ಅಂದಾಜು ಸಿಗುತ್ತದೆ, ಆದರೆ ನಮ್ಮ ಗಣಗಳು ಆಟ ಆಡುತ್ತವೆ, ಕುಣಿಯುತ್ತವೆ. ಡಾಂಟೆಯ ಹೊರೆಯಾಳುಗಳಲ್ಲಿ ಎಲ್ಲರಿಗಿಂತ ತಾಳ್ಮೆ ಇದ್ದವನೂ ಅಳುತ್ತ ‘ಇನ್ನು ಆಗುವುದಿಲ್ಲ’ ಅನ್ನುವ ಹಾಗೆ ಕಾಣುತ್ತಾನೆ. 10ನೆಯ ಸಂಧಿ ಅಲ್ಲಿಗೆ ನಿಲ್ಲುತ್ತದೆ.

11 ಶುರುವಾಗುವುದು ಅವರ ಬಾಯಿಯ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯಿಂದ. ಮಕ್ಕಳೂ ಬಲ್ಲ ಆ ಪ್ರಾರ್ಥನೆಯನ್ನು ಡಾಂಟೆ 24 ಸಾಲಿಗೆ ಬಿಡಿಸಿದ್ದಾನೆ. ಬೆಳಗಾವಿಯ ಚರ್ಚಿನಲ್ಲಿ ಭಾನುವಾರ ಅದನ್ನು ಹೇಳುವವರು ಇಲ್ಲಿ ಒಂದು ತಿರುವನ್ನು ಗಮನಿಸಬೇಕು. ಶೋಧನೆಗೆ ಒಳಪಡಿಸಬೇಡ ಎಂಬ ಕೊನೆಯ ಬೇಡಿಕೆ ನಮಗಾಗಿ ಅಲ್ಲ, ನಮಗಿನ್ನು ಅದರ ಅಗತ್ಯವಿಲ್ಲ, ನಮ್ಮ ಹಿಂದೆ ಭೂಮಿಯಲ್ಲಿ ಉಳಿದವರಿಗಾಗಿ ಬೇಡುತ್ತೇವೆ ಎಂದು ಆ ಜೀವಗಳು ಹೇಳುತ್ತವೆ. ಸತ್ತವರು ಬದುಕಿದವರಿಗಾಗಿ ಪ್ರಾರ್ಥಿಸುತ್ತಿದ್ದಾರೆ. ಹಾಗಾದರೆ ಇಲ್ಲಿಂದ ಅವರಿಗೆ ಏನು ಹೋಗಬೇಕು ಎಂದು ಕವಿ ಅಲ್ಲೇ ನಿಂತು ಕೇಳುತ್ತಾನೆ.

12ರಲ್ಲಿ ನೆಲದ ಮೇಲೆ ಕೆತ್ತಿದ ಅಹಂಕಾರಿಗಳ ಚಿತ್ರಗಳು. ಅನುವಾದದಲ್ಲಿ ಸಾಮಾನ್ಯವಾಗಿ ಕಳೆದುಹೋಗುವ ಒಂದು ಕುಸುರಿ ಇಲ್ಲಿದೆ. ಸಾಲಾಗಿ ನಾಲ್ಕು ಪದ್ಯ ‘ವ’ಕಾರದ ‘ವೆದೆಯಾ’, ನಾನು ಕಂಡೆ, ಎಂಬ ಮಾತಿನಿಂದ ಶುರುವಾಗುತ್ತವೆ. ಮುಂದಿನ ನಾಲ್ಕು ‘ಓ’ ಎಂಬ ಕೂಗಿನಿಂದ. ಅದರ ಮುಂದಿನ ನಾಲ್ಕು ‘ಮ’ಕಾರದ ‘ಮೊಸ್ತ್ರಾವಾ’, ತೋರಿಸುತ್ತಿತ್ತು, ಎಂಬುದರಿಂದ. ಹದಿಮೂರನೆಯ ಪದ್ಯದ ಮೂರು ಸಾಲುಗಳ ಮೊದಲಕ್ಷರ ಮತ್ತೆ ಅವೇ ಮೂರು. ಮೂರನ್ನೂ ಕೂಡಿಸಿದರೆ ‘ಉಓಂ’, ಮನುಷ್ಯ. ಆಗಿನ ಬರಹದಲ್ಲಿ ‘ವ’ಕ್ಕೂ ‘ಉ’ಕ್ಕೂ ಒಂದೇ ಅಕ್ಷರ. ತಲೆ ತಗ್ಗಿಸಿ ನೆಲ ನೋಡುತ್ತ ನಡೆದವನಿಗೆ ಮಾತ್ರ ಓದಲು ಸಿಗುವ ಬರಹ. ಮೂಲದ ಲಿಪಿ ಪಕ್ಕದಲ್ಲಿರುವ ಆವೃತ್ತಿಯೇ ಬೇಕು ಅನ್ನುವುದು ಇದಕ್ಕೆ. ಇಟಾಲಿಯನ್ ಬರದಿದ್ದರೂ ಸಾಲಿನ ಮೊದಲಕ್ಷರ ಕಾಣುತ್ತದೆ.

ಏಳು ಪಾಪಗಳನ್ನು ನಮ್ಮ ಅರಿಷಡ್ವರ್ಗದ ಮೇಲೆ ಒರಗಿಸಿ ಓದುವುದು ಇನ್ನೊಂದು ಎಡವಟ್ಟು. ಕಾಮ, ಕ್ರೋಧ, ಲೋಭ, ಮದ, ಮತ್ಸರ ಐದೂ ಸರಿಹೋಗುತ್ತವೆ. ಮೋಹಕ್ಕೆ ಅಲ್ಲಿ ಜೋಡಿಯಿಲ್ಲ, ಅಲ್ಲಿನ ಹೊಟ್ಟೆಬಾಕತನ, ಜಡತೆಗಳಿಗೆ ಇಲ್ಲಿ ಇಲ್ಲ. ಜಡತೆಯನ್ನು ಆಲಸ್ಯ ಎಂದು ಅನುವಾದ ಮಾಡಿದರಂತೂ ದಾರಿಯೇ ತಪ್ಪುತ್ತದೆ. ‘ಅಚ್ಚಿದಿಯಾ’ ಎಂಬುದು ಸನ್ಯಾಸಿಗಳ ಕೋಣೆಯಲ್ಲಿ ಹುಟ್ಟಿದ ಮಾತು. ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಅದರ ಮೇಲೆ ಪ್ರೀತಿ ಸಾಲದಿರುವುದು. ದಿನವಿಡೀ ದುಡಿಯುವವನಿಗೂ ಅದು ಇರಬಹುದು. 17ನೆಯ ಸಂಧಿಯಲ್ಲಿ ವರ್ಜಿಲ್ ಏಳನ್ನೂ ಪ್ರೀತಿಯ ಲೆಕ್ಕದಲ್ಲೇ ಜೋಡಿಸುತ್ತಾನೆ: ಮೊದಲ ಮೂರು ಅಡ್ಡದಾರಿ ಹಿಡಿದ ಪ್ರೀತಿ, ನಡುವಿನದು ಸಾಲದ ಪ್ರೀತಿ, ಕೊನೆಯ ಮೂರು ಅತಿಯಾದ ಪ್ರೀತಿ. ನೂರು ಸಂಧಿಗಳ ಎಣಿಕೆಯಲ್ಲಿ ಇದು 51ನೆಯದು, ಕಾವ್ಯದ ನಟ್ಟನಡು.

ಬೆಟ್ಟದಲ್ಲಿ ವರ್ಷಗಳ ಲೆಕ್ಕವೂ ಖಚಿತ. ಚರ್ಚಿನ ಬಹಿಷ್ಕಾರದಲ್ಲಿ ಸತ್ತವನು ಹಟ ಹಿಡಿದಷ್ಟು ಕಾಲದ ಮೂವತ್ತು ಪಟ್ಟು ಬುಡದಲ್ಲಿ ಕಾಯಬೇಕು. ಮ್ಯಾನ್‌ಫ್ರೆಡ್ ದೊರೆ ಮೂರನೆಯ ಸಂಧಿಯಲ್ಲಿ ಹೀಗೆ ಹೇಳಿ, ಮಗಳಿಗೆ ತಿಳಿಸು, ಅಲ್ಲಿನವರ ಪ್ರಾರ್ಥನೆಯಿಂದ ಇಲ್ಲಿ ಬಹಳ ಮುಂದೆ ಸಾಗುತ್ತೇವೆ ಅನ್ನುತ್ತಾನೆ. ಡಾಂಟೆಯ ಗೆಳೆಯ ಫೊರೆಸೆ ದೊನಾತಿ ತೀರಿಕೊಂಡಿದ್ದು 1296ರಲ್ಲಿ. ಐದು ವರ್ಷ ತುಂಬುವ ಮೊದಲೇ ಅವನು ಆರನೆಯ ಮಜಲಿನಲ್ಲಿ ಸಿಕ್ಕಾಗ ಡಾಂಟೆಗೆ ಆಶ್ಚರ್ಯ. ಹೆಂಡತಿ ನೆಲ್ಲಾಳ ಕಣ್ಣೀರು, ಪ್ರಾರ್ಥನೆ ತನ್ನನ್ನು ಮೇಲೆ ತಂದವು ಅನ್ನುತ್ತಾನೆ ಅವನು. ಸಿಯೆನಾದ ಸಾಪಿಯಾ ಎಂಬ ಹೆಂಗಸಿನ ಬಾಕಿ ಕಡಿಮೆಯಾದದ್ದು ಆ ಊರಿನಲ್ಲಿ ಬಾಚಣಿಗೆ ಮಾರುತ್ತಿದ್ದ ಪಿಯೆರ್ ಎಂಬ ಸಾಧುವಿನ ಪ್ರಾರ್ಥನೆಯಿಂದ. ಅವನು ಕಾಲ್ಪನಿಕನಲ್ಲ, 1289ರಲ್ಲಿ ತೀರಿಕೊಂಡವನು. ಬಾಚಣಿಗೆ ವ್ಯಾಪಾರಿಯ ಹೆಸರನ್ನು ಯಾವ ಗುಣಕ್ಕೆ ಸಂಕೇತ ಎಂದು ಬರೆಯುತ್ತೀರಿ? ಅವನು ಬಾಚಣಿಗೆ ಮಾರುತ್ತಿದ್ದ, ಪ್ರಾರ್ಥಿಸಿದ. ಅಷ್ಟು ನಿಜವಾದರೆ ಮಾತ್ರ ಉಳಿದ ಅರ್ಥ ನಿಲ್ಲುತ್ತದೆ.

ಇಂಥ ಬಾಚಣಿಗೆಯವರು, ನೇಕಾರರು, ಕಟುಕರು ಸೇರಿ ಕಟ್ಟಿಕೊಂಡ ಹಾಡಿನ ಸಂಘಗಳು ಇಟಲಿಯ ಪಟ್ಟಣಗಳಲ್ಲಿ ಆಗ ತುಂಬಿದ್ದವು. 1260ರಲ್ಲಿ ಪೆರೂಜಿಯಾದಲ್ಲಿ ಮೈಗೆ ಚಾವಟಿ ಹೊಡೆದುಕೊಳ್ಳುತ್ತ ಬೀದಿಗಿಳಿದ ಜನರ ದೊಡ್ಡ ಮೆರವಣಿಗೆ ಶುರುವಾಗಿ ಊರೂರಿಗೆ ಹಬ್ಬಿತು, ಅದರಿಂದಲೂ ಹಲವು ಸಂಘ ಹುಟ್ಟಿದವು. ಫ್ಲಾರೆನ್ಸಿನ ಓರ್‌ಸಾನ್‌ಮಿಕೇಲೆಯ ಸಂಘ 1291ರದು. ಇವರು ಹಾಡುತ್ತಿದ್ದುದು ‘ಲೌದೆ’, ಆಡುಮಾತಿನ ಸ್ತೋತ್ರ. ಪಲ್ಲವಿಯನ್ನು ಎಲ್ಲರೂ, ನುಡಿಗಳನ್ನು ಒಬ್ಬಿಬ್ಬರು. ನಮ್ಮ ಮುಮ್ಮೇಳ ಹಿಮ್ಮೇಳದ ಹಂಚಿಕೆಯೇ. ಕೊರ್ತೋನಾ ಊರಿನ 13ನೆಯ ಶತಮಾನದ ಹಸ್ತಪ್ರತಿಯಲ್ಲಿ ಸ್ವರದ ಗುರುತಿರುವ 40ಕ್ಕೂ ಹೆಚ್ಚು ಲೌದೆಗಳು ಉಳಿದಿವೆ, ಇಂದಿಗೂ ಹಾಡಲು ಬರುತ್ತವೆ. ಫ್ರಾನ್ಸಿಸ್ಕನ್ ಸನ್ಯಾಸಿ ಯಾಕೊಪೊನೆ ದಾ ತೋದಿ ಬರೆದ ಶಿಲುಬೆಯ ಹಾಡಿನಲ್ಲಿ ಸುದ್ದಿ ತರುವವನು, ಗುಂಪು, ಕ್ರಿಸ್ತ, ತಾಯಿ ಎಲ್ಲರೂ ಮಾತಾಡುತ್ತಾರೆ, ತಾಯಿ ‘ಮಗನೇ, ಮಗನೇ’ ಎಂದು ಕರೆಯುತ್ತಲೇ ಇರುತ್ತಾಳೆ. ಮೊಹರಮ್ಮಿನಲ್ಲಿ ಅಲಾವಿ ಕುಣಿಯ ಸುತ್ತ ಕನ್ನಡದಲ್ಲೇ ಹಾಡುವ ರಿವಾಯತ ಪದಗಳಲ್ಲಿ ಕರ್ಬಲಾದ ಶೋಕ ಕೇಳಿದವರಿಗೆ ಯಾಕೊಪೊನೆಯ ಕಟ್ಟು ಥಟ್ಟನೆ ಹಿಡಿಸುತ್ತದೆ. ಇದೇ ಯಾಕೊಪೊನೆಯನ್ನು ಬೊನಿಫೇಸ್ ಪೋಪ್ 1298ರಲ್ಲಿ ಸೆರೆಗೆ ಹಾಕಿದ. ಅವನು ಹೊರಬಂದಿದ್ದು 1303ರಲ್ಲಿ ಪೋಪ್ ಸತ್ತಮೇಲೆ.

ಡಾಂಟೆಯ ಛಂದಸ್ಸಿಗೆ ಮೂರು ಸಾಲಿನ ಪದ್ಯ, ಸಾಲಿಗೆ 11 ಉಚ್ಚಾರ. ಮೂರು ಸಾಲು ಅಂದಕೂಡಲೇ ನಮಗೆ ತ್ರಿಪದಿ ನೆನಪಾಗುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಬಂಡೆಯಿಂದ ಬೀಸುವ ಪದಗಳವರೆಗೆ ಅದು ನಮ್ಮ ಮನೆಯ ಮಟ್ಟು. ಆದರೆ ತ್ರಿಪದಿ ತನ್ನಷ್ಟಕ್ಕೆ ಪೂರ್ಣ, ಒಂದನ್ನು ಕಿತ್ತು ಎಲ್ಲಿ ಬೇಕಾದರೂ ಹಾಡಬಹುದು. ಡಾಂಟೆಯ ಪದ್ಯದಲ್ಲಿ ನಡುಸಾಲಿನ ಪ್ರಾಸ ಮುಂದಿನ ಪದ್ಯದ ಮೊದಲ, ಮೂರನೆಯ ಸಾಲಿಗೆ ಹೋಗಿ ಕೊಂಡಿ ಹಾಕುತ್ತದೆ. ಹಾಗಾಗಿ ಕೊನೆಗೆ ಒಂದು ಒಂಟಿ ಸಾಲು ಬೇಕೇಬೇಕು. ಯಾವ ಸಂಧಿಯ ಸಾಲುಗಳನ್ನು ಎಣಿಸಿದರೂ ಮೂರರಿಂದ ಭಾಗಿಸಿ ಒಂದು ಉಳಿಯುತ್ತದೆ: ಅಗಸಿಯ ಸಂಧಿ 145, ಅದರ ಮುಂದಿನ 10ನೆಯದು 139. ನಡುವೆ ಒಂದು ಸಾಲು ಬಿಟ್ಟುಹೋದರೂ ಸರಪಳಿ ಸದ್ದು ಮಾಡುತ್ತದೆ.

ಓದುವ ಗುಂಪು ಕಟ್ಟುವವರಿಗೆ ಕ್ರಮ ಹೀಗಿದ್ದರೆ ಒಳ್ಳೆಯದು. ಮೊದಲು 9ರಿಂದ 12, ಆಮೇಲೆ ಹಿಂದಕ್ಕೆ ಬಂದು 1ರಿಂದ 8, ಆಮೇಲೆ 13ರಿಂದ 33. ಒಂದು ಕೂಟಕ್ಕೆ ಒಂದೇ ಸಂಧಿ. ಸರಾಸರಿ 144 ಸಾಲು, ದನಿ ಎತ್ತಿ ಓದಲು ಹತ್ತು ಹದಿನೈದು ನಿಮಿಷ ಸಾಕು, ಉಳಿದ ಹೊತ್ತು ಮಾತಿಗೆ. ಪಕ್ಕದಲ್ಲಿ ಕನ್ನಡ ಬೈಬಲ್ ಇರಲಿ. ಮೊದಲ ಕೂಟಕ್ಕೆ ಮುಂಚೆ ಕೀರ್ತನೆ 51 ಮತ್ತು 114, ಮತ್ತಾಯ 5, ಲೂಕ 1, ಎರಡನೆಯ ಸಮುವೇಲ 6 ಓದಿಸಿ. 51 ಒಂದೇ ಬೆಟ್ಟದಲ್ಲಿ ಮೂರು ಕಡೆ ಕೇಳುತ್ತದೆ: 5ರಲ್ಲಿ ಕೊಲೆಯಾದವರ ಬಾಯಲ್ಲಿ, 23ರಲ್ಲಿ ಹಸಿದವರ ಬಾಯಲ್ಲಿ, 31ರಲ್ಲಿ ಡಾಂಟೆಯನ್ನು ಹೊಳೆಯಲ್ಲಿ ಮುಳುಗಿಸುವಾಗ. ಹೊತ್ತನ್ನೂ ಗುರುತು ಹಾಕಿಕೊಳ್ಳಿ. ಸೂರ್ಯ ಮುಳುಗಿದಮೇಲೆ ಈ ಬೆಟ್ಟದಲ್ಲಿ ಒಂದು ಹೆಜ್ಜೆಯೂ ಮೇಲೆ ಹೋಗುವಂತಿಲ್ಲ, ಸೊರ್ದೆಲ್ಲೊ ಎಂಬ ಕವಿ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಾನೆ. 8ನೆಯ ಸಂಧಿಯಲ್ಲಿ ಮುಸ್ಸಂಜೆಯ ಹಾಡು ಮುಗಿಯುತ್ತಲೇ ಹಸಿರುಡುಗೆಯ ಇಬ್ಬರು ದೂತರು ಮೊಂಡು ಖಡ್ಗ ಹಿಡಿದು ಇಳಿಯುತ್ತಾರೆ, ಹಾವನ್ನು ಓಡಿಸುತ್ತಾರೆ. ಅಲ್ಲಿ ಕವಿ ಓದುಗನನ್ನೇ ಕರೆದು ‘ಕಣ್ಣು ಚೂಪು ಮಾಡಿಕೋ, ಇಲ್ಲಿ ಪರದೆ ಬಲು ತೆಳು’ ಅನ್ನುತ್ತಾನೆ. ಪರದೆಯ ಆಚೆ ಇರುವುದು ರಾತ್ರಿ ಮಲಗುವ ಮುಂಚೆ ಆ ಕಾಲದ ಮಠಗಳಲ್ಲಿ ಹೇಳುತ್ತಿದ್ದ ಪ್ರಾರ್ಥನೆ, ಕೆಟ್ಟ ಕನಸಿನಿಂದ ಕಾಪಾಡು ಎಂಬುದು.

ಸ್ವರ್ಗದ ಕಾಂಡದ 11ನೆಯ ಸಂಧಿಯನ್ನೂ ಇದರ ಜೊತೆಗೆ ಓದಿ. ಡೊಮಿನಿಕನ್ ಎಂಬ ಸನ್ಯಾಸಿ ಪಂಥದ ಪಂಡಿತ ಥಾಮಸ್ ಅಕ್ವೈನಾಸ್ ಅಲ್ಲಿ ಫ್ರಾನ್ಸಿಸ್ಕನ್ನರ ಗುರು ಫ್ರಾನ್ಸಿಸನ ಕಥೆ ಹೇಳುತ್ತಾನೆ, ಮುಂದಿನ ಸಂಧಿಯಲ್ಲಿ ಫ್ರಾನ್ಸಿಸ್ಕನ್ನರ ಬೊನವೆಂತುರ ಡೊಮಿನಿಕನ ಕಥೆ ಹೇಳುತ್ತಾನೆ. ಇಬ್ಬರೂ ಹೊಗಳುವುದು ಎದುರು ಪಂಥದ ಗುರುವನ್ನು, ಬೈಯುವುದು ತಮ್ಮ ಪಂಥವನ್ನು. ಫ್ರಾನ್ಸಿಸ್ ಒಬ್ಬ ಹೆಣ್ಣಿಗೆ ಮನಸೋತು ತಂದೆಯ ಎದುರೇ ಅವಳನ್ನು ವರಿಸಿದ. ಮೊದಲ ಗಂಡ ಹೋದಮೇಲೆ 1,100 ವರ್ಷಕ್ಕೂ ಹೆಚ್ಚು ಕಾಲ ಅವಳನ್ನು ಕೇಳಿದವರಿರಲಿಲ್ಲ. ಶಿಲುಬೆಯ ಬುಡದಲ್ಲಿ ಮರಿಯ ಉಳಿದಾಗಲೂ ಇವಳು ಕ್ರಿಸ್ತನ ಜೊತೆ ಶಿಲುಬೆ ಏರಿದ್ದಳು. ಯಾರಿವಳು? ಕವಿ ಅಲ್ಲೇ ಹೇಳಿಬಿಡುತ್ತಾನೆ: ‘ತೀರ ಮರೆಮಾಡಿ ಹೇಳುವುದು ಬೇಡ, ಈ ಪ್ರೇಮಿಗಳು ಫ್ರಾನ್ಸಿಸ್ ಮತ್ತು ಬಡತನ.’ ಬೆಡಗು ಇಷ್ಟು ಬೇಗ ಕೈ ಬಿಚ್ಚುವುದಿಲ್ಲ. ಶರಣಸತಿ ಲಿಂಗಪತಿ ಭಾವದಲ್ಲಿ ಬೆಳೆದ ನಮಗೆ ಇಲ್ಲಿ ಸಂಬಂಧ ತಿರುಗಿದಂತೆಯೂ ಕಾಣುತ್ತದೆ, ಭಕ್ತನೇ ಗಂಡ. ಡಾಂಟೆ ಗುಟ್ಟು ಬಿಟ್ಟುಕೊಡಲು ಹೆದರುವುದಿಲ್ಲ, ಏಕೆಂದರೆ ಗುಟ್ಟು ತಿಳಿದಮೇಲೂ ಕಥೆ ಖಾಲಿಯಾಗುವುದಿಲ್ಲ. ಅಸ್ಸೀಸಿಯ ಬಿಷಪ್ಪನ ಎದುರು ಮೈಮೇಲಿನ ಬಟ್ಟೆ ತೆಗೆದು ತಂದೆಗೆ ಕೊಟ್ಟ ಹುಡುಗ ನಿಜ. 1226ರಲ್ಲಿ ಬರಿ ನೆಲದ ಮೇಲೆ ಸತ್ತವನು ನಿಜ. ಆ ಬರಿ ನೆಲವನ್ನೇ ಡಾಂಟೆ ಅವಳ ಮಡಿಲು ಅನ್ನುತ್ತಾನೆ.

ಪಟ್ಟಿ ಪೂರ್ತಿ ಕೈಬಿಡುವುದು ಬೆಟ್ಟದ 30ನೆಯ ಸಂಧಿಯಲ್ಲಿ. ಬಿಯಾಟ್ರಿಸ್ ಕಾಣಿಸಿಕೊಂಡಾಗ ಡಾಂಟೆಗೆ ಮೈ ನಡುಗಿ, ಹೆದರಿದ ಮಗು ತಾಯಿಯ ಕಡೆ ಓಡುವ ಹಾಗೆ ಎಡಕ್ಕೆ ತಿರುಗುತ್ತಾನೆ, ‘ಹಳೆಯ ಉರಿಯ ಗುರುತು ಸಿಕ್ಕಿತು’ ಎಂದು ವರ್ಜಿಲ್‌ಗೆ ಹೇಳಬೇಕು. ಅದು ವರ್ಜಿಲನದೇ ಕಾವ್ಯದ ಸಾಲು. ಅಲ್ಲಿ ವರ್ಜಿಲ್ ಇಲ್ಲ. ಮೂರು ಸಾಲಿನಲ್ಲಿ ಮೂರು ಸಲ ಆ ಹೆಸರು ಕರೆಯುತ್ತಾನೆ, ಒಮ್ಮೆ ‘ಸಿಹಿಯಾದ ತಂದೆ’ ಅನ್ನುತ್ತಾನೆ. ಬೆಟ್ಟದ ಬುಡದಲ್ಲಿ ಇಬ್ಬನಿಯಿಂದ ವರ್ಜಿಲ್ ತೊಳೆದಿದ್ದ ಕೆನ್ನೆಗಳು ಮತ್ತೆ ಕಣ್ಣೀರಿನಿಂದ ಕಪ್ಪಾಗುತ್ತವೆ. ವಿವೇಕ ಎಂಬ ಗುಣ ಮರೆಯಾದರೆ ಯಾರೂ ಹೀಗೆ ಅಳುವುದಿಲ್ಲ. ಆಗ ಬಿಯಾಟ್ರಿಸ್ ಮೊದಲ ಸಲ ಬಾಯಿ ತೆರೆಯುತ್ತಾಳೆ. ನೂರು ಸಂಧಿಗಳಲ್ಲಿ ಕವಿಯ ಸ್ವಂತ ಹೆಸರು ಬರುವುದು ಆ ಒಂದೇ ಸಲ: ‘ಡಾಂಟೆ, ವರ್ಜಿಲ್ ಹೋದನೆಂದು ಈಗಲೇ ಅಳಬೇಡ, ಅಳಬೇಡ ಈಗಲೇ.’